ಸಭಾಕಂಪನ ಮತ್ತು ಮಾತಿನ ತರಬೇತಿ: ಕೇಳಿ ಕಲಿಯುವ ವಿದ್ಯೆಯಲ್ಲ, ನಿಂತು ಕಲಿಯುವ ವಿದ್ಯೆ

ವಿಷಯ ಗೊತ್ತಿರುತ್ತದೆ, ಹೇಳಬೇಕೆಂಬ ಆಸೆಯೂ ಇರುತ್ತದೆ. ಆದರೆ ನಾಲ್ಕು ಜನರೆದುರು ಎದ್ದು ನಿಂತೊಡನೆ ನಾಲಗೆ ಒಣಗುತ್ತದೆ, ಕೈಕಾಲು ನಡುಗುತ್ತವೆ, ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮೊದಲ ವಾಕ್ಯವೇ ಮರೆತುಹೋಗುತ್ತದೆ. ಇದಕ್ಕೆ ಕನ್ನಡದಲ್ಲಿ ಸಭಾಕಂಪನ ಎಂಬ ಹೆಸರಿದೆ. ಉದ್ಯೋಗದ ಸಂದರ್ಶನದಲ್ಲಿ, ಕಚೇರಿಯ ಸಭೆಯಲ್ಲಿ, ಬಡಾವಣೆಯ ಸಂಘದಲ್ಲಿ, ಗ್ರಾಮಸಭೆಯಲ್ಲಿ ಇದರಿಂದಾಗುವ ನಷ್ಟ ಸಣ್ಣದಲ್ಲ. ಅನೇಕ ಕಡೆ ತೀರ್ಮಾನವಾಗುವುದು ಬಲ್ಲವರ ಅಭಿಪ್ರಾಯದಂತೆ ಅಲ್ಲ, ಮಾತನಾಡಬಲ್ಲವರ ಅಭಿಪ್ರಾಯದಂತೆ.

ಈ ಕೊರತೆಯನ್ನು ನೀಗಿಸುವುದಾಗಿ ಹೇಳುವ ತರಬೇತಿ ಕೇಂದ್ರಗಳು ಇಂದು ಪ್ರತಿ ನಗರದಲ್ಲೂ ಇವೆ. ಆದರೆ ಮಾತಿನ ಕಲೆಯನ್ನು ನಿಜವಾಗಿ ಕಲಿಸುವುದು ಹೇಗೆ, ಅದು ಎಲ್ಲಿಂದ ಬಂತು, ಶುಲ್ಕ ಕಟ್ಟುವ ಮುನ್ನ ಏನನ್ನು ವಿಚಾರಿಸಬೇಕು ಎಂಬ ಬಗ್ಗೆ ಸ್ಪಷ್ಟತೆ ಕಡಿಮೆ. ಆ ಕುರಿತ ಪರಿಚಯ ಇಲ್ಲಿದೆ.

ಭಯದ ಸ್ವರೂಪ

ಜನರು ಸಾವಿಗಿಂತಲೂ ಭಾಷಣಕ್ಕೆ ಹೆಚ್ಚು ಹೆದರುತ್ತಾರೆ ಎಂಬ ಮಾತನ್ನು ತರಬೇತಿ ಶಿಬಿರಗಳಲ್ಲಿ ಪದೇ ಪದೇ ಕೇಳುತ್ತೇವೆ. ಇದರ ಮೂಲ 1973ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಸಮೀಕ್ಷೆ. ಅದರಲ್ಲಿ ಶೇ. 41 ಮಂದಿ ಭಾಷಣವನ್ನೂ, ಶೇ. 19 ಮಂದಿ ಸಾವನ್ನೂ ತಮ್ಮ ಭಯಗಳ ಪಟ್ಟಿಯಲ್ಲಿ ಸೇರಿಸಿದ್ದರು. ಭಾಷಣದ ಭಯ ಹೆಚ್ಚು ಜನರಲ್ಲಿದೆ ಎಂಬುದಷ್ಟೇ ಇದರ ಅರ್ಥ. ಅದು ಸಾವಿನ ಭಯಕ್ಕಿಂತ ದೊಡ್ಡದು ಎಂದಲ್ಲ. 2012ರಲ್ಲಿ ಕಾಲೇಜು ವಿದ್ಯಾರ್ಥಿಗಳ ನಡುವೆ ನಡೆದ ಅಧ್ಯಯನವೊಂದರಲ್ಲಿ, ಅತಿ ದೊಡ್ಡ ಭಯ ಯಾವುದೆಂದು ಕೇಳಿದಾಗ ಸಾವೇ ಮೊದಲ ಸ್ಥಾನ ಪಡೆಯಿತು. ಹೀಗಾಗಿ ಸಭಾಕಂಪನ ಅತ್ಯಂತ ಸಾಮಾನ್ಯವಾದ ಭಯ, ಆದರೆ ಗೆಲ್ಲಲಾಗದ ಭಯವಲ್ಲ.

ಅಪಾಯ ಎದುರಾದಾಗ ದೇಹ ಅಡ್ರಿನಲಿನ್ ಸ್ರವಿಸುತ್ತದೆ. ಎದೆಬಡಿತ ಏರುತ್ತದೆ, ಉಸಿರು ಚಿಕ್ಕದಾಗುತ್ತದೆ, ಬಾಯಿ ಒಣಗುತ್ತದೆ. ನೂರು ಕಣ್ಣುಗಳು ತನ್ನತ್ತ ತಿರುಗಿದಾಗಲೂ ದೇಹ ಇದೇ ರೀತಿ ವರ್ತಿಸುತ್ತದೆ. ಸಾಮಾನ್ಯವಾಗಿ ಈ ಏರಿಕೆ ಮಾತು ಆರಂಭಿಸುವ ಕ್ಷಣದಲ್ಲಿ ಅತಿ ಹೆಚ್ಚಾಗಿದ್ದು, ಮಾತು ಸಾಗಿದಂತೆ ಇಳಿಯತೊಡಗುತ್ತದೆ. ಮೊದಲ ಒಂದೆರಡು ನಿಮಿಷ ದಾಟಿದವರಿಗೆ ಮುಂದಿನ ದಾರಿ ಸುಗಮ.

ಇನ್ನೊಂದು ಸಮಾಧಾನದ ಸಂಗತಿಯೂ ಇದೆ. ತನ್ನ ನಡುಕ ಎಲ್ಲರಿಗೂ ಕಾಣುತ್ತಿದೆ ಎಂದು ಭಾಷಣಕಾರ ಭಾವಿಸುತ್ತಾನೆ. ವಾಸ್ತವದಲ್ಲಿ ಸಭಿಕರಿಗೆ ಅದು ಅಷ್ಟಾಗಿ ಗೋಚರಿಸುವುದಿಲ್ಲ ಎಂಬುದನ್ನು ಸಾವಿಟ್ಸ್ಕಿ ಮತ್ತು ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಈ ಸಂಗತಿಯನ್ನು ಮೊದಲೇ ತಿಳಿಸಲಾದವರು ಉಳಿದವರಿಗಿಂತ ಉತ್ತಮವಾಗಿ ಮಾತನಾಡಿದರು ಎಂಬುದು ಗಮನಾರ್ಹ.

ಸಭಾಕಂಪನಕ್ಕೆ ದೊಡ್ಡವರೂ ಹೊರತಲ್ಲ. ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಪದವಿ ಪಡೆದು 1891ರಲ್ಲಿ ಭಾರತಕ್ಕೆ ಮರಳಿದ ಗಾಂಧೀಜಿಯವರು ಮುಂಬಯಿಯ ಸ್ಮಾಲ್ ಕಾಸಸ್ ನ್ಯಾಯಾಲಯದಲ್ಲಿ ತಮ್ಮ ಮೊದಲ ಮೊಕದ್ದಮೆ ನಡೆಸಲು ಎದ್ದು ನಿಂತು, ಒಂದು ಪ್ರಶ್ನೆಯನ್ನೂ ಕೇಳಲಾಗದೆ ಕುಳಿತರು. ಪಡೆದಿದ್ದ 30 ರೂಪಾಯಿ ಶುಲ್ಕವನ್ನು ಹಿಂದಿರುಗಿಸಿದರು. ಅದೇ ಗಾಂಧೀಜಿ 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ಭಾರತೀಯ ವರ್ತಕರ ಸಭೆ ಕರೆದು, ವ್ಯಾಪಾರದಲ್ಲಿ ಸತ್ಯಪಾಲನೆಯ ಬಗ್ಗೆ ಮಾತನಾಡಿದರು. ಅದನ್ನು ತಮ್ಮ ಜೀವನದ ಮೊದಲ ಸಾರ್ವಜನಿಕ ಭಾಷಣವೆಂದು ಅವರೇ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಈ ಬಾರಿ ವಿಷಯದ ಸಿದ್ಧತೆ ಇತ್ತು, ಎದುರಿಗಿದ್ದವರು ತಮ್ಮವರಾಗಿದ್ದರು, ಹೇಳಲೇಬೇಕಾದ ಮಾತೂ ಇತ್ತು. ಮಾತಿನ ತರಬೇತಿ ಒದಗಿಸಬೇಕಾದುದು ಬಹುಮಟ್ಟಿಗೆ ಇಂಥ ಅನುಕೂಲಗಳನ್ನೇ.

ಹಳೆಯ ಬೇರುಗಳು

ಮಾತನ್ನು ವಿದ್ಯೆಯಾಗಿ ಕಲಿಸಿದವರಲ್ಲಿ ಗ್ರೀಕರು ಮತ್ತು ರೋಮನರು ಪ್ರಮುಖರು. ಆಥೆನ್ಸಿನಲ್ಲಿ ವ್ಯಾಜ್ಯವಿದ್ದವನು ತನ್ನ ಪರವಾಗಿ ತಾನೇ ವಾದಿಸಬೇಕಿತ್ತು. ಹೀಗಾಗಿ ಮಾತು ಬಾರದವನು ಆಸ್ತಿಯನ್ನೇ ಕಳೆದುಕೊಳ್ಳುವ ಸಂಭವವಿತ್ತು. ಡೆಮಾಸ್ತನೀಸ್ ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಉಚ್ಚಾರ ತಿದ್ದಿಕೊಂಡ, ಗುಡ್ಡ ಏರುತ್ತಾ ಭಾಷಣ ಮಾಡಿ ಉಸಿರು ಪಳಗಿಸಿಕೊಂಡ ಎಂಬ ಕಥೆಗಳನ್ನು ಪ್ಲುಟಾರ್ಕ್ ಬರೆದಿಟ್ಟಿದ್ದಾನೆ. ರೋಮನರು ಭಾಷಣದ ಕೆಲಸವನ್ನು ಐದಾಗಿ ವಿಂಗಡಿಸಿದರು: ವಿಷಯ ಸಂಗ್ರಹ, ಜೋಡಣೆ, ಶೈಲಿ, ನೆನಪು ಮತ್ತು ಪ್ರಸ್ತುತಿ. ಎರಡು ಸಾವಿರ ವರ್ಷ ಕಳೆದರೂ ಈ ವಿಂಗಡಣೆ ಪಠ್ಯಕ್ರಮಗಳಿಂದ ಮರೆಯಾಗಿಲ್ಲ.

ಭಾರತದಲ್ಲಿ ನ್ಯಾಯಶಾಸ್ತ್ರವು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯಾಗಿ ಗುರುತಿಸಿತು. ಸತ್ಯವನ್ನು ಅರಿಯಲು ನಡೆಸುವುದು ವಾದ, ಗೆಲ್ಲಲೆಂದೇ ನಡೆಸುವುದು ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಎದುರಾಳಿಯನ್ನು ಖಂಡಿಸುವುದಷ್ಟೇ ವಿತಂಡ. 'ವಿತಂಡವಾದ' ಎಂಬ ಮಾತು ಕನ್ನಡದಲ್ಲಿ ಇಂದಿಗೂ ಬಳಕೆಯಲ್ಲಿದೆ.

ತಾಳಮದ್ದಳೆ ಎಂಬ ಶಾಲೆ

ಕರ್ನಾಟಕದ ಕರಾವಳಿ, ಮಲೆನಾಡು ಮತ್ತು ಕಾಸರಗೋಡು ಭಾಗದ ಯಕ್ಷಗಾನ ತಾಳಮದ್ದಳೆಯನ್ನು ಈ ದೃಷ್ಟಿಯಿಂದ ಗಮನಿಸಬೇಕು. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಕುಳಿತ ಅರ್ಥಧಾರಿ ಆ ಪದ್ಯದ ಎಳೆ ಹಿಡಿದು ಸ್ಥಳದಲ್ಲೇ ಮಾತು ಕಟ್ಟುತ್ತಾನೆ. ಸಂಭಾಷಣೆ ಬರೆದಿಟ್ಟದ್ದಲ್ಲ. ಎದುರು ಪಾತ್ರಧಾರಿ ಯಾವ ಪ್ರಶ್ನೆ ಎಸೆಯುತ್ತಾನೆಂಬುದೂ ಮೊದಲೇ ತಿಳಿದಿರುವುದಿಲ್ಲ. 'ವಾಲಿವಧೆ' ಪ್ರಸಂಗದಲ್ಲಿ ವಾಲಿಯ ಅರ್ಥ ಹೇಳುವವನು, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನದು ತಪ್ಪೆಂದು ವಾದಿಸಬೇಕು. ರಾಮನ ಅರ್ಥ ಹೇಳುವವನು ಅದಕ್ಕೆ ಸಮಾಧಾನ ಕೊಡಬೇಕು. ಮತ್ತೊಂದು ಕೂಟದಲ್ಲಿ ಇವರೇ ಪಾತ್ರ ಬದಲಿಸಿಕೊಳ್ಳಬಹುದು.

ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಮಹಾನ್ ಅರ್ಥಧಾರಿಗಳು ಬೆಳೆದದ್ದು ಈ ಪರಂಪರೆಯಲ್ಲಿ. ಹೊಸಬರು ಹಿರಿಯರ ಪಕ್ಕದಲ್ಲಿ ಕುಳಿತು ಕೇಳುತ್ತಾರೆ, ಮೊದಲು ಸಣ್ಣ ಪಾತ್ರ ವಹಿಸುತ್ತಾರೆ, ಅನಂತರ ದೊಡ್ಡ ಪಾತ್ರಕ್ಕೆ ಏರುತ್ತಾರೆ. ಎದುರಿಗೆ ತಿಳಿದ ಶ್ರೋತೃವರ್ಗವಿರುತ್ತದೆ. ಪದೇ ಪದೇ ಸಿಗುವ ಸಣ್ಣ ಸರದಿ ಮತ್ತು ಬಲ್ಲ ಕೇಳುಗರು ಎಂಬ ಈ ಎರಡು ಅಂಶಗಳನ್ನೇ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಇಬ್ಬರು ಬೇರೊಂದು ಬಗೆಯಲ್ಲಿ ಕಂಡುಕೊಂಡರು.

ಕಾರ್ನೆಗಿ ಮತ್ತು ಸ್ಮೆಡ್ಲಿ

ಮೊದಲನೆಯವರು ಡೇಲ್ ಕಾರ್ನೆಗಿ (1888–1955). ಮಿಸೌರಿಯ ರೈತ ಕುಟುಂಬದಿಂದ ಬಂದ ಅವರು 1912ರಲ್ಲಿ ನ್ಯೂಯಾರ್ಕಿನ ವೈಎಂಸಿಎ ಒಂದರಲ್ಲಿ ವಯಸ್ಕರಿಗೆ ರಾತ್ರಿ ತರಗತಿ ಆರಂಭಿಸಿದರು. ಮೊದಲ ತರಗತಿಯಲ್ಲೇ ತಾವು ಸಿದ್ಧಪಡಿಸಿದ್ದ ವಿಷಯ ಮುಗಿದುಹೋದಾಗ, ಅವರು ವಿದ್ಯಾರ್ಥಿಗಳನ್ನೇ ಒಬ್ಬೊಬ್ಬರಾಗಿ ಎಬ್ಬಿಸಿ, ತಮಗೆ ಸಿಟ್ಟು ತರಿಸಿದ ಸಂಗತಿಯ ಬಗ್ಗೆ ಮಾತನಾಡಲು ಹೇಳಿದರೆಂಬ ಕಥೆ ಪ್ರಸಿದ್ಧವಾಗಿದೆ. ಸ್ವಂತ ಅನುಭವದ ವಿಷಯವಾದರೆ ಅಂಜುಬುರುಕನೂ ಮಾತನಾಡುತ್ತಾನೆ ಎಂಬುದು ಅವರ ಪದ್ಧತಿಯ ತಳಹದಿಯಾಯಿತು. ಹೂಡಿಕೆದಾರ ವಾರನ್ ಬಫೆಟ್ ಯುವಕರಾಗಿದ್ದಾಗ, 1950ರ ದಶಕದ ಆರಂಭದಲ್ಲಿ, 100 ಡಾಲರ್ ಕೊಟ್ಟು ಈ ತರಬೇತಿ ಪಡೆದಿದ್ದರು. ಅದರ ಪ್ರಮಾಣಪತ್ರವನ್ನು ಅವರು ತಮ್ಮ ಕಚೇರಿಯಲ್ಲಿ ತೂಗುಹಾಕಿದ್ದರು.

ಎರಡನೆಯವರು ರಾಲ್ಫ್ ಸ್ಮೆಡ್ಲಿ (1878–1965). ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್ ವೈಎಂಸಿಎಯಲ್ಲಿ ಶಿಕ್ಷಣ ವಿಭಾಗದ ಹೊಣೆ ಹೊತ್ತಿದ್ದ ಅವರು 1905ರಲ್ಲಿ ಯುವಕರಿಗೆ ಮಾತಿನ ಅಭ್ಯಾಸಕ್ಕಾಗಿ ಒಂದು ಕೂಟ ಕಟ್ಟಿದರು. ಔತಣಕೂಟದಲ್ಲಿ ಅತಿಥಿಗಳನ್ನು ಪರಿಚಯಿಸಿ ಮಾತಿಗೆ ಆಹ್ವಾನಿಸುವ ನಿರೂಪಕನಿಗೆ ಇಂಗ್ಲಿಷಿನಲ್ಲಿ ಟೋಸ್ಟ್‌ಮಾಸ್ಟರ್ ಎನ್ನುತ್ತಾರೆ; ಆ ಹೆಸರೇ ಕೂಟಕ್ಕೂ ಬಂತು. ಸ್ಮೆಡ್ಲಿ ವರ್ಗವಾಗಿ ಹೋದಂತೆ ಹಿಂದಿನ ಊರಿನ ಕೂಟಗಳು ನಂದಿಹೋದವು. 1924ರ ಅಕ್ಟೋಬರ್ 22ರಂದು ಕ್ಯಾಲಿಫೋರ್ನಿಯಾದ ಸಾಂಟಾ ಅನಾದಲ್ಲಿ ಆರಂಭಿಸಿದ ಕೂಟ ಮಾತ್ರ ಉಳಿದು ಬೆಳೆಯಿತು. 1932ರಲ್ಲಿ ಟೋಸ್ಟ್‌ಮಾಸ್ಟರ್ಸ್ ಇಂಟರ್‌ನ್ಯಾಷನಲ್ ಲಾಭರಹಿತ ಸಂಸ್ಥೆಯಾಗಿ ನೋಂದಣಿಯಾಯಿತು.

ಮಹಿಳೆಯರಿಗೆ ಅಧಿಕೃತ ಪ್ರವೇಶ ದೊರೆತದ್ದು 1973ರಲ್ಲಿ. ಅದಕ್ಕೂ ಮೊದಲು, 1970ರಲ್ಲಿ, ಹೆಲನ್ ಬ್ಲಾಂಚರ್ಡ್ ಎಂಬ ಮಹಿಳೆಯನ್ನು 'ಹೋಮರ್' ಎಂಬ ಗಂಡು ಹೆಸರಿನಲ್ಲಿ ಸದಸ್ಯೆಯಾಗಿ ದಾಖಲಿಸಿಕೊಳ್ಳಲಾಗಿತ್ತು. ಮುಂದೆ 1985ರಲ್ಲಿ ಅವರೇ ಸಂಸ್ಥೆಯ ಮೊದಲ ಮಹಿಳಾ ಅಧ್ಯಕ್ಷೆಯಾದರು. ಇಂದು ಸುಮಾರು 150 ದೇಶಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಈ ಸಂಸ್ಥೆಯ ಕ್ಲಬ್‌ಗಳು ಬೆಂಗಳೂರಿನಲ್ಲೂ ಇವೆ.

ಸಭೆ ನಡೆಯುವ ಬಗೆ

ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ನಲ್ಲಿ ಸಂಬಳದ ಗುರುವಿಲ್ಲ. ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಸೇರುವ ಸದಸ್ಯರೇ ಸರದಿಯಂತೆ ಎಲ್ಲ ಪಾತ್ರಗಳನ್ನೂ ವಹಿಸುತ್ತಾರೆ. ಒಂದರಿಂದ ಎರಡು ಗಂಟೆಯ ಸಭೆಯಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ.

ಮೊದಲನೆಯದು ಸಿದ್ಧಪಡಿಸಿಕೊಂಡು ಬಂದ ಭಾಷಣ. ಹೊಸ ಸದಸ್ಯರ ಮೊದಲ ಭಾಷಣ ತಮ್ಮದೇ ಪರಿಚಯ. ಅವಧಿ 4ರಿಂದ 6 ನಿಮಿಷ. ಮುಂದಿನವುಗಳ ಸಾಮಾನ್ಯ ಅವಧಿ 5ರಿಂದ 7 ನಿಮಿಷ.

ಎರಡನೆಯದು ಆಶುಭಾಷಣ. ಸ್ಥಳದಲ್ಲೇ ಕೊಟ್ಟ ಪ್ರಶ್ನೆಗೆ 1ರಿಂದ 2 ನಿಮಿಷ ಉತ್ತರಿಸಬೇಕು. ಸಂದರ್ಶನಕ್ಕೆ ಸಿದ್ಧರಾಗುವವರಿಗೆ ಅತ್ಯಂತ ಉಪಯುಕ್ತವಾದ ಅಭ್ಯಾಸ ಇದು.

ಮೂರನೆಯದು ಮೌಲ್ಯಮಾಪನ. ಪ್ರತಿ ಭಾಷಣಕಾರನಿಗೂ ಒಬ್ಬ ಮೌಲ್ಯಮಾಪಕ ನಿಗದಿಯಾಗಿರುತ್ತಾನೆ. ಅವನು 2ರಿಂದ 3 ನಿಮಿಷದಲ್ಲಿ, ಚೆನ್ನಾಗಿದ್ದುದೇನು, ಮುಂದಿನ ಸಲ ತಿದ್ದಿಕೊಳ್ಳಬೇಕಾದುದೇನು ಎಂಬುದನ್ನು ಎಲ್ಲರೆದುರು ಹೇಳುತ್ತಾನೆ. ಟೀಕೆಯನ್ನು ನೋಯಿಸದಂತೆ ಹೇಳುವುದೂ ಒಂದು ಭಾಷಣವೇ ಆದ್ದರಿಂದ, ಮೌಲ್ಯಮಾಪಕನ ಮಾತನ್ನೂ ಸಭೆಯ ಕೊನೆಯಲ್ಲಿ ಇನ್ನೊಬ್ಬರು ಪರಿಶೀಲಿಸುತ್ತಾರೆ.

ಇವಲ್ಲದೆ ಸಮಯಪಾಲಕ ಹಸಿರು, ಹಳದಿ, ಕೆಂಪು ದೀಪ ಅಥವಾ ಫಲಕ ತೋರಿಸುತ್ತಾನೆ. 7 ನಿಮಿಷದ ಭಾಷಣವಾದರೆ 5ಕ್ಕೆ ಹಸಿರು, 6ಕ್ಕೆ ಹಳದಿ, 7ಕ್ಕೆ ಕೆಂಪು. ಮತ್ತೊಬ್ಬರು ಮಾತಿನ ನಡುವೆ ನುಸುಳುವ 'ಆಂ', 'ಅದೇನಂದ್ರೆ' ಮೊದಲಾದ ತುಂಬುಪದಗಳನ್ನು ಎಣಿಸುತ್ತಾರೆ. ಇನ್ನೊಬ್ಬರು ವ್ಯಾಕರಣ ಮತ್ತು ಪದಪ್ರಯೋಗ ಗಮನಿಸುತ್ತಾರೆ. ಭಾಷಣದ ಸರದಿ ಇಲ್ಲದ ದಿನವೂ ಈ ಹೊಣೆಗಳ ನೆಪದಲ್ಲಿ ಅನೇಕ ಸದಸ್ಯರು ಎದ್ದು ನಿಲ್ಲುತ್ತಾರೆ.

1938ರಿಂದ ಸಂಸ್ಥೆ ಭಾಷಣ ಸ್ಪರ್ಧೆಯನ್ನೂ ನಡೆಸುತ್ತಿದೆ. 2014ರಲ್ಲಿ ಶ್ರೀಲಂಕಾದ ಧನಂಜಯ ಹೆಟ್ಟಿಯಾರಚ್ಚಿ ವಿಶ್ವ ವಿಜೇತರಾದರೆ, 2015ರಲ್ಲಿ ಆ ಪ್ರಶಸ್ತಿ ಬಾಲ್ಯದಲ್ಲಿ ತೊದಲುತ್ತಿದ್ದ ಸೌದಿ ಅರೇಬಿಯಾದ ಮೊಹಮ್ಮದ್ ಕಹ್ತಾನಿ ಅವರಿಗೆ ದೊರೆಯಿತು.

ಇದು ಫಲಿಸುವುದೇಕೆ?

ಈಜು ಕಲಿಯಲು ನೀರಿಗೆ ಇಳಿಯಬೇಕಾದಂತೆ ಮಾತು ಕಲಿಯಲು ಸಭೆಯೆದುರು ನಿಲ್ಲಬೇಕು. ಭಯ ಹುಟ್ಟಿಸುವ ಸನ್ನಿವೇಶವನ್ನು ಸಣ್ಣ ಪ್ರಮಾಣದಲ್ಲಿ, ಸುರಕ್ಷಿತ ವಾತಾವರಣದಲ್ಲಿ ಮತ್ತೆ ಮತ್ತೆ ಎದುರಿಸಿದಾಗ ಭಯ ತಗ್ಗುತ್ತದೆ ಎಂಬುದು ಮನೋವಿಜ್ಞಾನ ಒಪ್ಪಿರುವ ತತ್ವ. ವರ್ಷಕ್ಕೊಮ್ಮೆ ಅರ್ಧ ಗಂಟೆ ಮಾತನಾಡುವುದಕ್ಕಿಂತ ವಾರಕ್ಕೊಮ್ಮೆ ಎರಡು ನಿಮಿಷ ಮಾತನಾಡುವುದು ಮೇಲು. ಎರಡು ದಿನದ ಶಿಬಿರದಲ್ಲಿ ತರಬೇತುದಾರರ ಸ್ಫೂರ್ತಿದಾಯಕ ಉಪನ್ಯಾಸ ಕೇಳಿ ಉತ್ಸಾಹದಿಂದ ಹೊರಬಂದವರು, ತಿಂಗಳ ನಂತರ ಮತ್ತೆ ಮೊದಲಿನಂತಾಗುವುದಕ್ಕೆ ಕಾರಣವೂ ಇದೇ. ಅಲ್ಲಿ ಅಭ್ಯಾಸ ಆದದ್ದು ತರಬೇತುದಾರರಿಗೆ, ಶಿಬಿರಾರ್ಥಿಗಳಿಗಲ್ಲ.

ಶೇ. 93ರ ಮಿಥ್ಯೆ

ಸಂವಹನದಲ್ಲಿ ಪದಗಳ ಪಾಲು ಕೇವಲ ಶೇ. 7, ಧ್ವನಿಯದು ಶೇ. 38, ಹಾವಭಾವದ್ದು ಶೇ. 55 ಎಂಬ ಲೆಕ್ಕವನ್ನು ಅನೇಕ ತರಗತಿಗಳಲ್ಲಿ ಹೇಳಿಕೊಡಲಾಗುತ್ತದೆ. ಇದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಅವರು ಸಹೋದ್ಯೋಗಿಗಳೊಂದಿಗೆ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿಂದ ಬಂದ ಅಂಕಿ. ಬಿಡಿಪದಗಳನ್ನು ಬೇರೆ ಬೇರೆ ಧ್ವನಿ ಹಾಗೂ ಮುಖಭಾವಗಳೊಂದಿಗೆ ಒಡ್ಡಿದಾಗ, ಹೇಳುವವರ ಇಷ್ಟಾನಿಷ್ಟವನ್ನು ಕೇಳುಗರು ಯಾವುದರಿಂದ ಅಳೆಯುತ್ತಾರೆ ಎಂಬುದಷ್ಟೇ ಅಲ್ಲಿನ ಪ್ರಶ್ನೆಯಾಗಿತ್ತು. ಎಲ್ಲ ಬಗೆಯ ಮಾತಿಗೂ ಇದು ಅನ್ವಯಿಸದೆಂದು ಮೆಹ್ರಾಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ಆಯವ್ಯಯದ ವಿವರವನ್ನೋ, ಔಷಧಿಯ ಪ್ರಮಾಣವನ್ನೋ ಬರೀ ಕೈಸನ್ನೆಯಿಂದ ತಿಳಿಸಲು ಸಾಧ್ಯವಿಲ್ಲ. ಧ್ವನಿ, ನಿಲುವು, ನೋಟ ಮುಖ್ಯವೇ ಸರಿ. ಆದರೆ ಅವು ತಿರುಳಿಗೆ ಬದಲಿಯಲ್ಲ.

ಕರ್ನಾಟಕದ ಅಗತ್ಯ

ನಮ್ಮಲ್ಲಿ ಭಾಷಣ ಕಲೆಯನ್ನು ಸಣ್ಣ ಪಟ್ಟಣಗಳವರೆಗೆ ಕೊಂಡೊಯ್ದ ಸಂಸ್ಥೆಗಳಲ್ಲಿ ಜೇಸೀಸ್ ಎಂದೇ ಪರಿಚಿತವಾದ ಜೂನಿಯರ್ ಚೇಂಬರ್ ಕೂಡ ಒಂದು. 1915ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿದ ಈ ಯುವ ಚಳವಳಿ 1949ರಲ್ಲಿ ಭಾರತಕ್ಕೆ ಬಂತು. ಶಾಲಾ ಕಾಲೇಜುಗಳ ಚರ್ಚಾಸ್ಪರ್ಧೆಗಳೂ ಅನೇಕ ಮಾತುಗಾರರನ್ನು ರೂಪಿಸಿವೆ. ಆದರೆ ಸ್ಪರ್ಧೆಯ ವೇದಿಕೆ ಈಗಾಗಲೇ ಮಾತು ಬಲ್ಲವರನ್ನು ಆರಿಸಿಕೊಳ್ಳುತ್ತದೆ. ಹಿಂದಿನ ಬೆಂಚಿನ ಹೆದರುವ ವಿದ್ಯಾರ್ಥಿಗೆ ಅಲ್ಲಿ ಸರದಿಯೇ ಬರುವುದಿಲ್ಲ.

ಇನ್ನೊಂದು ಗೊಂದಲ ಭಾಷೆಯದು. ನಗರಗಳಲ್ಲಿ 'ಕಮ್ಯುನಿಕೇಶನ್ ಸ್ಕಿಲ್ಸ್' ಎಂದರೆ ಇಂಗ್ಲಿಷ್ ಮಾತುಗಾರಿಕೆ ಎಂದೇ ತಿಳಿಯಲಾಗಿದೆ. ಇವೆರಡೂ ಬೇರೆ. ವಿಚಾರವನ್ನು ಕ್ರಮವಾಗಿ ಜೋಡಿಸುವುದು, ಕೇಳುಗರತ್ತ ನೋಡುವುದು, ಸಮಯಕ್ಕೆ ಸರಿಯಾಗಿ ನಿಲ್ಲಿಸುವುದು ಯಾವ ಭಾಷೆಗೂ ಸೇರಿದ ಗುಣಗಳು. ಕನ್ನಡ ಮಾಧ್ಯಮದಲ್ಲಿ ಓದಿದ ಯುವಕನಿಗೆ ಭಾಷೆಯ ಭಯ ಮತ್ತು ಸಭೆಯ ಭಯ ಎರಡೂ ಒಟ್ಟಿಗೇ ಎದುರಾದರೆ ಆತ ಎರಡರಲ್ಲೂ ಸೋಲುತ್ತಾನೆ. ಮೊದಲು ಕನ್ನಡದಲ್ಲಿ ಸಭೆಯ ಭಯ ಕಳೆದು, ಅನಂತರ ಇಂಗ್ಲಿಷಿಗೆ ಹೊರಳುವುದು ಸುಲಭದ ದಾರಿ. ಟೋಸ್ಟ್‌ಮಾಸ್ಟರ್ಸ್ ಪದ್ಧತಿಗೂ ಇಂಗ್ಲಿಷೇ ಬೇಕೆಂದಿಲ್ಲ. ಜಪಾನಿ, ಸ್ಪ್ಯಾನಿಷ್, ಚೀನೀ ಭಾಷೆಗಳಲ್ಲಿ ನಡೆಯುವ ಕ್ಲಬ್‌ಗಳಿವೆ.

ಗ್ರಾಮಾಂತರದಲ್ಲಿ ಪ್ರಶ್ನೆ ಇನ್ನೂ ಗಂಭೀರ. ರಾಜ್ಯದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕೆಂದು ಕಾನೂನು ಹೇಳುತ್ತದೆ. ಆದರೆ ಮೊದಲ ಬಾರಿಗೆ ಆಯ್ಕೆಯಾದ ಸದಸ್ಯೆ ಸಭೆಯಲ್ಲಿ ಮೌನವಾಗಿದ್ದರೆ, ಅವರ ಹೆಸರಿನಲ್ಲಿ ಪತಿಯೋ ಮತ್ತೊಬ್ಬರೋ ಮಾತನಾಡುತ್ತಾರೆ. ಕಾನೂನು ಕೊಟ್ಟ ಕುರ್ಚಿ ಉಳಿಯುತ್ತದೆ, ಧ್ವನಿ ಉಳಿಯುವುದಿಲ್ಲ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಚುನಾಯಿತ ಪ್ರತಿನಿಧಿಗಳಿಗೆ ತರಬೇತಿ ನೀಡುತ್ತದೆ. ಇಂಥ ತರಬೇತಿಗಳಲ್ಲಿ ಕಾಯ್ದೆಯ ಕಲಂಗಳ ವಿವರಣೆಯಷ್ಟೇ ಸಮಯ, ಎದ್ದು ನಿಂತು ಬೇಡಿಕೆ ಮಂಡಿಸುವ ಅಭ್ಯಾಸಕ್ಕೂ ಸಿಗಬೇಕು.

ಶುಲ್ಕ ಕಟ್ಟುವ ಮುನ್ನ

ತರಬೇತಿ ಕೇಂದ್ರವನ್ನು ಆರಿಸಿಕೊಳ್ಳುವವರು ಈ ಕೆಳಗಿನ ಸಂಗತಿಗಳನ್ನು ವಿಚಾರಿಸುವುದು ಒಳ್ಳೆಯದು.

1. ಒಂದು ತಂಡದಲ್ಲಿ ಎಷ್ಟು ಜನ? ಒಂದು ತರಗತಿಯಲ್ಲಿ ಪ್ರತಿಯೊಬ್ಬರಿಗೂ ಎಷ್ಟು ನಿಮಿಷದ ಸರದಿ? 60 ಜನರ ತಂಡಕ್ಕೆ ಒಂದು ಗಂಟೆಯ ತರಗತಿಯಾದರೆ, ತರಬೇತುದಾರರು ತುಟಿ ಬಿಚ್ಚದಿದ್ದರೂ ಒಬ್ಬರಿಗೆ ಸಿಗುವುದು ಒಂದೇ ನಿಮಿಷ.

2. ಮಾತನಾಡಿದ ಬಳಿಕ ನಿರ್ದಿಷ್ಟ ಸಲಹೆ ದೊರೆಯುತ್ತದೆಯೇ? 'ಚೆನ್ನಾಗಿತ್ತು, ಚಪ್ಪಾಳೆ' ಎಂಬುದು ಸಲಹೆಯಲ್ಲ.

3. ಭಾಷಣವನ್ನು ಚಿತ್ರೀಕರಿಸಿ ತೋರಿಸುತ್ತಾರೆಯೇ? ಇದನ್ನು ಮನೆಯಲ್ಲೇ ಮೊಬೈಲ್‌ನಲ್ಲೂ ಮಾಡಿಕೊಳ್ಳಬಹುದು.

4. ತರಬೇತಿ ಎಷ್ಟು ವಾರಗಳಿಗೆ ಹರಡಿದೆ? ಎರಡು ದಿನಕ್ಕೆ ಮುಗಿಯುವುದಾದರೆ, ಆಮೇಲೆ ಅಭ್ಯಾಸಕ್ಕೆ ವೇದಿಕೆ ಇದೆಯೇ?

5. ನೋಡಲು ಒಂದು ತರಗತಿಗೆ ಬಿಡುತ್ತಾರೆಯೇ?

ತೊದಲುವಿಕೆ ಅಥವಾ ಉಚ್ಚಾರದ ದೋಷವಿರುವವರು ಅದನ್ನು ಸಭಾಕಂಪನವೆಂದು ಭಾವಿಸಿ ಭಾಷಣ ತರಗತಿಗೆ ಮಾತ್ರ ಸೇರಿದರೆ ಸಾಲದು. ಅದಕ್ಕೆ ವಾಕ್ ಚಿಕಿತ್ಸಕರ ನೆರವು ಬೇಕು. ಈ ಕ್ಷೇತ್ರದ ಪ್ರಮುಖ ರಾಷ್ಟ್ರೀಯ ಸಂಸ್ಥೆಯಾದ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇರುವುದು ಮೈಸೂರಿನಲ್ಲೇ.

ಮೊದಲ ಐದು ನಿಮಿಷಕ್ಕೆ ಸಿದ್ಧತೆ

ಐದು ನಿಮಿಷದ ಮಾತಿಗೆ ಒಂದೇ ಮುಖ್ಯ ಸಂಗತಿ ಸಾಕು. ಅದನ್ನು ಒಂದು ವಾಕ್ಯದಲ್ಲಿ ಬರೆಯಲು ಬಾರದಿದ್ದರೆ ಭಾಷಣ ಇನ್ನೂ ಸಿದ್ಧವಾಗಿಲ್ಲವೆಂದೇ ಅರ್ಥ. ಅದಕ್ಕೆ ಎರಡು ಅಥವಾ ಮೂರು ಆಧಾರಗಳನ್ನು ಆರಿಸಿ, ಪ್ರತಿಯೊಂದಕ್ಕೂ ಒಂದು ಉದಾಹರಣೆ ಇಟ್ಟುಕೊಳ್ಳಬೇಕು. ಇಡೀ ಭಾಷಣವನ್ನು ಬಾಯಿಪಾಠ ಮಾಡಿದರೆ ಒಂದು ಪದ ಮರೆತರೂ ಎಲ್ಲವೂ ಕುಸಿಯುತ್ತದೆ. ಮೊದಲ ಎರಡು ವಾಕ್ಯ ಮತ್ತು ಕೊನೆಯ ವಾಕ್ಯಗಳನ್ನು ಮಾತ್ರ ಗಟ್ಟಿ ಮಾಡಿಕೊಂಡು, ನಡುವಿನದಕ್ಕೆ ಅಂಚೆಕಾರ್ಡಿನಷ್ಟು ಚೀಟಿಯಲ್ಲಿ ಟಿಪ್ಪಣಿ ಬರೆದುಕೊಳ್ಳುವುದು ಸೂಕ್ತ.

ನಿಮಿಷಕ್ಕೆ ಇಷ್ಟು ಪದ ಎಂಬ ಇಂಗ್ಲಿಷ್ ಪುಸ್ತಕಗಳ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. ಪ್ರತ್ಯಯಗಳು ಸೇರಿಕೊಳ್ಳುವುದರಿಂದ ನಮ್ಮ ಪದಗಳು ಉದ್ದ. ಗಡಿಯಾರ ಇಟ್ಟುಕೊಂಡು, ನಿಂತು, ಗಟ್ಟಿಯಾಗಿ ಎರಡು ಮೂರು ಬಾರಿ ಹೇಳಿ ನೋಡುವುದೇ ಸರಿಯಾದ ಅಳತೆ. ಮನಸ್ಸಿನಲ್ಲೇ ಓದಿಕೊಂಡರೆ ಸಮಯ ತಪ್ಪುತ್ತದೆ.

ವೇದಿಕೆ ಏರುವ ಮುನ್ನ 'ನನಗೆ ಭಯವಿಲ್ಲ' ಎಂದು ಹೇಳಿಕೊಳ್ಳುವುದಕ್ಕಿಂತ 'ನನಗೆ ಉತ್ಸಾಹವಾಗುತ್ತಿದೆ' ಎಂದು ಹೇಳಿಕೊಳ್ಳುವುದು ಹೆಚ್ಚು ಪ್ರಯೋಜನಕಾರಿ. ಹಾಗೆ ಹೇಳಿಕೊಂಡವರು, ಶಾಂತವಾಗಿದ್ದೇನೆ ಎಂದುಕೊಂಡವರಿಗಿಂತ ಚೆನ್ನಾಗಿ ಮಾತನಾಡಿದ್ದನ್ನು ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಸಂಶೋಧನೆ ತೋರಿಸಿದೆ. ಎದೆಬಡಿತ ಎರಡರಲ್ಲೂ ಒಂದೇ. ಅದಕ್ಕೆ ನಾವು ಕೊಡುವ ಹೆಸರು ಬೇರೆ.

ಹಣ ಖರ್ಚು ಮಾಡಲಾಗದವರು ಆರೇಳು ಮಂದಿ ಸ್ನೇಹಿತರು ಸೇರಿ ತಮ್ಮದೇ ಕೂಟ ಕಟ್ಟಿಕೊಳ್ಳಬಹುದು. ಗ್ರಂಥಾಲಯದ ಜಗಲಿ, ದೇವಸ್ಥಾನದ ಪ್ರಾಂಗಣ, ಸಂಘದ ಕಚೇರಿ ಯಾವುದಾದರೂ ಆದೀತು. ಬೇಕಾದುದು ಒಂದು ಗಡಿಯಾರ, ವಾರಕ್ಕೊಂದು ಗಂಟೆ ಮತ್ತು ಪ್ರತಿಯೊಬ್ಬರಿಗೂ ತಪ್ಪದೆ ಒಂದು ಸರದಿ. ಸಾಂಟಾ ಅನಾದ ಕೂಟವೂ ನೂರು ವರ್ಷಗಳ ಹಿಂದೆ ಆರಂಭವಾದದ್ದು ವೈಎಂಸಿಎ ಕಟ್ಟಡದ ನೆಲಮಾಳಿಗೆಯಲ್ಲಿ.